ಹರಕೆಯ ಲೆಕ್ಕ, ಕೃಪೆಯ ಬಿಡುವು: ಕನ್ನಡ ಕ್ರೈಸ್ತ ಪರಂಪರೆಯಲ್ಲಿ ‘ವಿಶ್ರಾಂತಿ’ ಮತ್ತು ರೆವರೆಂಡ್ ಉತ್ತಂಗಿ ಚನ್ನಪ್ಪನವರು

ಪ್ರವೇಶ

ದೇವರನ್ನು ಒಲಿಸಿಕೊಳ್ಳಲು ಮನುಷ್ಯ ಎಷ್ಟು ದುಡಿಯಬೇಕು ಎಂಬುದು ಎಲ್ಲ ಧರ್ಮಗಳೂ ಒಂದಲ್ಲ ಒಂದು ಹಂತದಲ್ಲಿ ಎದುರಿಸಿದ ಪ್ರಶ್ನೆ. ಉಪವಾಸ, ಜಾಗರಣೆ, ಯಾತ್ರೆ, ದಾನ, ಸೇವೆ ಇವೆಲ್ಲವೂ ಭಕ್ತಿಯ ಸಹಜ ಅಭಿವ್ಯಕ್ತಿಗಳಾಗಿ ಹುಟ್ಟಿ, ಕ್ರಮೇಣ ಸಂದಾಯ ಮಾಡಬೇಕಾದ ಬಾಕಿಗಳಾಗಿ ಮಾರ್ಪಡುವುದನ್ನು ಧರ್ಮಗಳ ಚರಿತ್ರೆಯಲ್ಲಿ ಕಾಣಬಹುದು. ಆಗ ಭಕ್ತನು ದಣಿಯುತ್ತಾನೆ. ದಣಿದರೂ ಸಾಲದೆಂಬ ಭಯ ಅವನನ್ನು ಬಿಡುವುದಿಲ್ಲ. ಕ್ರೈಸ್ತ ಧರ್ಮದ ಇತಿಹಾಸದಲ್ಲಿ ಈ ಭಯವನ್ನು ತೀವ್ರವಾಗಿ ಅನುಭವಿಸಿ ಅದರಿಂದ ಹೊರಬಂದವರಲ್ಲಿ ಮಾರ್ಟಿನ್ ಲೂಥರ್ ಪ್ರಮುಖರು. ಸನ್ಯಾಸಿಯಾಗಿ ಉಪವಾಸ, ಪಾಪನಿವೇದನೆಗಳಲ್ಲಿ ದೇಹವನ್ನು ದಂಡಿಸಿಯೂ ನೆಮ್ಮದಿ ಕಾಣದ ಅವರು, ಮನುಷ್ಯನು ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ತನ್ನ ಕ್ರಿಯೆಗಳಿಂದಲ್ಲ, ನಂಬಿಕೆಯ ಮೂಲಕ ದೊರೆಯುವ ಕೃಪೆಯಿಂದ ಎಂಬ ನಿಲುವಿಗೆ ಬಂದರು. 1517ರಲ್ಲಿ ಆರಂಭವಾದ ಸುಧಾರಣಾ ಚಳವಳಿಯ ತಿರುಳು ಇದೇ.

ಈ ತಿಳಿವಳಿಕೆ 19ನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂತು. ಆದರೆ ಅದು ಬಂದದ್ದು ಬರಿದಾದ ನೆಲಕ್ಕಲ್ಲ. ದೇವರಿಗೆ ಸಲ್ಲಿಸುವ ದುಡಿಮೆಯ ಬಗೆಗೂ ಅದರಿಂದ ಪಡೆಯುವ ಬಿಡುವಿನ ಬಗೆಗೂ ಕನ್ನಡ ಜನಪದರಲ್ಲಿ ತಮ್ಮದೇ ಆದ ಆಚರಣೆಗಳಿದ್ದವು. 12ನೆಯ ಶತಮಾನದ ಶರಣರಲ್ಲಿ ಇದೇ ಪ್ರಶ್ನೆಯ ಗಂಭೀರ ಚರ್ಚೆಯಿತ್ತು. ಹೊರಗಿನಿಂದ ಬಂದ ‘ವಿಶ್ರಾಂತಿ’ಯ ಬೋಧನೆ ಈ ಹಿನ್ನೆಲೆಯೊಂದಿಗೆ ಹೇಗೆ ಸಂಧಿಸಿತು, ಅದನ್ನು ಬೋಧಿಸಿದ ಸಂಸ್ಥೆಯೇ ದುಡಿಮೆಯ ಶಿಸ್ತನ್ನು ಏಕೆ ಹೇರಬೇಕಾಯಿತು, ಈ ಎರಡೂ ಧಾರೆಗಳು ರೆವರೆಂಡ್ ಉತ್ತಂಗಿ ಚನ್ನಪ್ಪನವರ (1881–1962) ಬದುಕಿನಲ್ಲಿ ಹೇಗೆ ಒಂದೆಡೆ ಸೇರಿದವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹರಕೆ ಮತ್ತು ಬಿಡುವು: ಜನಪದ ಹಿನ್ನೆಲೆ

ಕರ್ನಾಟಕದ ಜನಪದ ಧರ್ಮದಲ್ಲಿ ಹರಕೆ ಒಂದು ಕೇಂದ್ರ ಸಂಸ್ಥೆ. ಮಗು ಬದುಕಲಿ, ಮಳೆ ಬರಲಿ, ಎತ್ತಿನ ರೋಗ ವಾಸಿಯಾಗಲಿ ಎಂದು ಹೊತ್ತ ಹರಕೆಯನ್ನು ಕೈಗೂಡಿದ ಮೇಲೆ ಒಪ್ಪಿಸಲೇಬೇಕು. ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪಿನಿಂದ ಹಿಡಿದು ಸವದತ್ತಿಯ ಎಲ್ಲಮ್ಮನ ಗುಡ್ಡದಂಥ ಕ್ಷೇತ್ರಗಳಲ್ಲಿ ಹಾಕುವ ದೀಡ ನಮಸ್ಕಾರ, ಕರಾವಳಿಯ ದೇವಾಲಯಗಳ ಉರುಳುಸೇವೆ, ನೂರಾರು ಮೈಲಿಯ ಪಾದಯಾತ್ರೆಯವರೆಗೆ ಇದರ ವ್ಯಾಪ್ತಿ ಇದೆ. ಇಲ್ಲಿ ಬಳಕೆಯಾಗುವ ಕ್ರಿಯಾಪದವನ್ನು ಗಮನಿಸಬೇಕು. ಸಾಲವನ್ನು ‘ತೀರಿಸು’ವಂತೆಯೇ ಹರಕೆಯನ್ನೂ ‘ತೀರಿಸು’ತ್ತಾರೆ. ತೀರಿಸದೆ ಉಳಿದ ಹರಕೆ ಮನೆತನದ ಬೆನ್ನು ಹತ್ತುತ್ತದೆ. ಮಗ ಮೊಮ್ಮಕ್ಕಳ ಕಾಲದ ಕಷ್ಟಕ್ಕೂ ಅಜ್ಜ ಮರೆತ ಹರಕೆಯೇ ಕಾರಣವೆಂದು ಕಣಿ ಹೇಳುವವರು ಕಂಡುಹಿಡಿಯುತ್ತಾರೆ. ಹೀಗೆ ದೈವಕ್ಕೂ ಒಕ್ಕಲಿಗೂ ನಡುವೆ ಒಂದು ಲೆಕ್ಕದ ಸಂಬಂಧ ಏರ್ಪಟ್ಟಿರುತ್ತದೆ.

ಇದನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಏನೂ ಇಲ್ಲದವನಿಗೂ ಮೈ ಇದೆ. ಆ ಮೈಯ ಶ್ರಮವನ್ನು ದೇವರಿಗೆ ಕೊಡುವುದರ ಮೂಲಕ ಅವನೂ ದೇವರೊಂದಿಗೆ ವ್ಯವಹರಿಸಬಲ್ಲವನಾಗುತ್ತಾನೆ. ಹರಕೆಯಲ್ಲಿ ಬಡವನ ಸ್ವಾಭಿಮಾನವೂ ಅಡಗಿದೆ.

ಲೆಕ್ಕದ ಈ ಲೋಕದ ಪಕ್ಕದಲ್ಲಿಯೇ ಮತ್ತೊಂದು ಸಂಪ್ರದಾಯವಿದೆ. ಕರ್ನಾಟಕದ ಅನೇಕ ಭಾಗಗಳಲ್ಲಿ ಸೋಮವಾರ ಎತ್ತುಗಳ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ತಪ್ಪಿಹೋಗುವ ಆತುರವಿದ್ದರೂ ಎತ್ತಿಗೆ ಅಂದು ಬಿಡುವು. ಅಮಾವಾಸ್ಯೆಯಂದು ನೇಗಿಲು ಹೂಡದಿರುವುದು, ಬಡಗಿ ಕಮ್ಮಾರರು ಉಳಿ ಸುತ್ತಿಗೆಗಳನ್ನು ಕೆಳಗಿಡುವುದು, ಕಾರಹುಣ್ಣಿಮೆಯಲ್ಲಿ ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಬಳಿದು ಮೆರೆಸುವುದು ಇವೆಲ್ಲ ಇದೇ ವರ್ಗಕ್ಕೆ ಸೇರಿದ ಆಚರಣೆಗಳು. ಈ ಬಿಡುವನ್ನು ಎತ್ತು ಸಂಪಾದಿಸಿಕೊಂಡಿಲ್ಲ. ಹಿಂದಿನ ವಾರ ಹೆಚ್ಚು ಉತ್ತ ಎತ್ತಿಗೆ ಹೆಚ್ಚು, ಕಡಿಮೆ ಉತ್ತ ಎತ್ತಿಗೆ ಕಡಿಮೆ ಎಂಬ ಭೇದ ಅಲ್ಲಿಲ್ಲ. ದಿನ ಬಂತು, ನೊಗ ಇಳಿಯಿತು. ಕನ್ನಡದಲ್ಲಿ ‘ಬಿಡುವು’ ಮತ್ತು ‘ಬಿಡುಗಡೆ’ ಎಂಬ ಎರಡೂ ಪದಗಳು ‘ಬಿಡು’ ಎಂಬ ಒಂದೇ ಧಾತುವಿನಿಂದ ಬಂದಿರುವುದು ಇಲ್ಲಿ ಅರ್ಥಪೂರ್ಣ. ವಿರಾಮ ಮತ್ತು ವಿಮೋಚನೆಗಳನ್ನು ಈ ಭಾಷೆ ಬೇರೆಬೇರೆಯಾಗಿ ಕಂಡಿಲ್ಲ.

ಕ್ರೈಸ್ತ ಧರ್ಮದ ಮೊದಲ ಅಲೆ ಕನ್ನಡ ನಾಡಿಗೆ ಬಂದದ್ದು ಕ್ಯಾಥೊಲಿಕ್ ಸಂನ್ಯಾಸಿಗಳ ಮೂಲಕ. ಆ ಧಾರೆ ಹರಕೆಯ ಲೋಕವನ್ನು ಬಹುಮಟ್ಟಿಗೆ ತನ್ನೊಳಗೆ ಇಂಬಿಟ್ಟುಕೊಂಡಿತು. ಕಾರ್ಕಳ ಸಮೀಪದ ಅತ್ತೂರಿನ ಸಂತ ಲಾರೆನ್ಸರ ಉತ್ಸವ, ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಸೆಪ್ಟೆಂಬರ್ ತಿಂಗಳ ಹಬ್ಬ, ತಪಸ್ಸು ಕಾಲದ ಉಪವಾಸ ಮೊದಲಾದವುಗಳಲ್ಲಿ ಇದನ್ನು ಇಂದಿಗೂ ಕಾಣಬಹುದು. ಕ್ಯಾಥೊಲಿಕ್ ಬೋಧನೆಯಲ್ಲೂ ಕೃಪೆಯೇ ಮೊದಲು. ಹರಕೆ ಕೃತಜ್ಞತೆಯ ರೂಪ. ಆದರೆ ನಂತರ ಬಂದ ಪ್ರಾಟೆಸ್ಟಂಟ್ ಮಿಷನರಿಗಳು ಹರಕೆಯನ್ನು ಸಂಪೂರ್ಣವಾಗಿ ನಿರಾಕರಿಸಿದರು. ಆದ್ದರಿಂದ ಹರಕೆ ತೀರಿಸಿ ಬದುಕಿದವರಿಗೆ ಅದಿಲ್ಲದೆ ದೇವರ ಮುಂದೆ ನಿಲ್ಲುವುದನ್ನು ಕಲಿಸುವ ಹೊಣೆ ಅವರ ಮೇಲೆ ಬಿತ್ತು.

ಮಾತು ಬಂದ ಬಗೆ

ಈ ಹೊಣೆಯ ಮೊದಲ ಹಂತ ಭಾಷೆಯದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹಾಯಕರು ಬಳ್ಳಾರಿಯಲ್ಲಿ ಕೈಗೊಂಡ ಬೈಬಲ್ ಅನುವಾದ 1831ರ ಹೊತ್ತಿಗೆ ಪೂರ್ಣವಾಗಿ ಅಚ್ಚಾಯಿತು. ಮುಂದೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಅದರ ಪರಿಷ್ಕರಣೆಯಲ್ಲಿ ತೊಡಗಿದರು. ದುಡಿದು ಹೊರೆ ಹೊತ್ತವರನ್ನು ಯೇಸು ತನ್ನ ಬಳಿಗೆ ಕರೆಯುವ ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದ ಪ್ರಸಿದ್ಧ ಭಾಗಕ್ಕೆ ಕನ್ನಡದಲ್ಲಿ ನೆಲೆನಿಂತ ಪದ ‘ವಿಶ್ರಾಂತಿ’. ಅದರೊಂದಿಗೆ ‘ಕೃಪೆ’, ‘ನಂಬಿಕೆ’, ‘ಕ್ರಿಯೆ’ ಎಂಬ ಪದಗಳೂ ಕ್ರೈಸ್ತ ಪರಿಭಾಷೆಯಾಗಿ ರೂಢಗೊಂಡವು. ಇವುಗಳಲ್ಲಿ ಯಾವುದೂ ಹೊಸದಾಗಿ ಟಂಕಿಸಿದ ಪದವಲ್ಲ. ಶರಣ ಮತ್ತು ದಾಸ ಸಾಹಿತ್ಯಗಳಲ್ಲಿ ಕೃಪೆ, ಕರುಣೆ, ಪ್ರಸಾದಗಳ ಬಳಕೆ ಹೇರಳವಾಗಿದೆ. ಕೇಳುಗನಿಗೆ ಪದ ಪರಿಚಿತವಾಗಿತ್ತು. ಅದನ್ನು ಹೇಳಿದವನೂ ಹೇಳಿದ ಸಂದರ್ಭವೂ ಹೊಸದಾಗಿದ್ದವು.

ಆ ಸುವಾರ್ತಾ ಭಾಗದ ಎರಡು ಸಂಗತಿಗಳು ಕೃಷಿಕ ಸಮಾಜಕ್ಕೆ ವಿಶೇಷವಾಗಿ ಹತ್ತಿರವಾದವು. ಮೊದಲನೆಯದು ಹೊರೆ. ತಲೆಹೊರೆ ಹೊತ್ತು ಸಂತೆಗೆ ನಡೆಯುವವರಿಗೆ ಹೊರೆ ಇಳಿಸಲೆಂದು ದಾರಿಬದಿಯಲ್ಲಿ ಆಳೆತ್ತರದ ಕಲ್ಲು ನಿಲ್ಲಿಸುವುದು ದಕ್ಷಿಣ ಭಾರತದ ಹಳೆಯ ಪುಣ್ಯಕಾರ್ಯ. ಆ ಕಲ್ಲಿನ ವಿಶೇಷವೆಂದರೆ ದಣಿದವನು ಇನ್ನೊಬ್ಬರ ಕೈಗಾಗಿ ಕಾಯಬೇಕಾಗಿಲ್ಲ, ಬಗ್ಗಬೇಕಾಗಿಯೂ ಇಲ್ಲ. ಎರಡನೆಯದು ನೊಗ. ವಿಶ್ರಾಂತಿಯ ಮಾತಿನ ಬೆನ್ನಿಗೇ ಯೇಸು ತನ್ನ ನೊಗವನ್ನು ಹೊರುವಂತೆ ಹೇಳುತ್ತಾನೆ. ಅದು ಹಗುರವೆಂದೂ ಹೇಳುತ್ತಾನೆ. ವಿಶ್ರಾಂತಿ ಕೊಡುವವನೇ ನೊಗವನ್ನೂ ಕೊಡುವುದು ಮೇಲುನೋಟಕ್ಕೆ ವಿರೋಧಾಭಾಸದಂತೆ ಕಾಣುತ್ತದೆ. ಆದರೆ ಬೇಸಾಯಗಾರನಿಗೆ ಇದು ಒಗಟಲ್ಲ. ನೊಗ ಎರಡು ಎತ್ತುಗಳ ಹೆಗಲಿಗೆ ಒಟ್ಟಿಗೆ ಕೂರುವ ಸಾಧನ; ಅಳತೆಗೆ ಸರಿಯಾಗಿ ಕೆತ್ತಿದ ನೊಗ ಹೆಗಲನ್ನು ಉಜ್ಜುವುದಿಲ್ಲ; ಬಲವಾದ ಜೊತೆಯೆತ್ತಿದ್ದರೆ ಭಾರದ ಬಹುಪಾಲು ಅದೇ ಎಳೆಯುತ್ತದೆ. ಹೀಗೆ ಬೈಬಲ್ಲಿನ ವಿಶ್ರಾಂತಿ ಕೆಲಸವಿಲ್ಲದ ಸ್ಥಿತಿಯಲ್ಲ, ಒಂಟಿಯಾಗಿ ಎಳೆಯುವುದರಿಂದ ದೊರೆತ ಬಿಡುಗಡೆ ಎಂಬ ಅರ್ಥ ಕನ್ನಡದ ಅನುಭವದೊಳಗಿನಿಂದಲೇ ಹೊರಡುತ್ತದೆ.

ಹಳೆಯ ಒಡಂಬಡಿಕೆಯ ಸಬ್ಬತ್ ನಿಯಮವೂ ಹೀಗೆಯೇ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯ ಏಳನೆಯ ದಿನದ ವಿರಾಮವನ್ನು ಮನೆಯ ಯಜಮಾನನಿಗೆ ಮಾತ್ರವಲ್ಲದೆ ದಾಸದಾಸಿಯರಿಗೆ, ಪರದೇಶಿಗೆ, ಎತ್ತು ಕತ್ತೆಗಳಿಗೂ ವಿಧಿಸುತ್ತದೆ. ಇಸ್ರಾಯೇಲರು ಒಮ್ಮೆ ಈಜಿಪ್ಟಿನಲ್ಲಿ ಗುಲಾಮರಾಗಿದ್ದುದನ್ನು ಅದಕ್ಕೆ ಕಾರಣವಾಗಿ ಕೊಡುತ್ತದೆ. ಸೋಮವಾರ ಎತ್ತಿನ ನೊಗ ಇಳಿಸುವ ನಾಡಿನಲ್ಲಿ ಈ ಕಟ್ಟಳೆ ಅಪರಿಚಿತವೆನಿಸುವಂಥದಲ್ಲ. ವ್ಯತ್ಯಾಸವಿದ್ದದ್ದು ಒಂದೇ: ಹಳ್ಳಿಯಲ್ಲಿ ಸೋಮವಾರದ ಬಿಡುವು ಎತ್ತಿಗಿತ್ತು, ಜೀತದಾಳಿಗೆ ಇರಲಿಲ್ಲ.

ಯಜ್ಞದ ಪರಿಭಾಷೆಯಲ್ಲಿಯೂ ಇದೇ ಚರ್ಚೆ ನಡೆಯಿತು. ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್‌ರು 1872ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ‘ಯಜ್ಞಸುಧಾನಿಧಿ’ಯಲ್ಲಿ ವೈದಿಕ ಯಜ್ಞದ ಅರ್ಥವನ್ನು ವಿಚಾರಿಸಿ ಅದನ್ನು ಕ್ರಿಸ್ತನ ಬಲಿಯೊಂದಿಗೆ ಇಟ್ಟು ನೋಡಿದರು. ಮತ್ತೆ ಮತ್ತೆ ಮಾಡಬೇಕಾದ ಕರ್ಮಕ್ಕೂ ಒಮ್ಮೆಗೇ ಮುಗಿದ ಬಲಿಗೂ ಇರುವ ಅಂತರವೇ ಕ್ರೈಸ್ತ ವಿಶ್ರಾಂತಿಯ ತಳಹದಿ. ತೀರಿಸಬೇಕಾದ್ದು ತೀರಿದೆ ಎಂಬ ಭಾವ ಅದು. ಹರಕೆ ತೀರಿಸುವ ಜನರಿಗೆ ಈ ಕ್ರಿಯಾಪದ ಬಲ್ಲದ್ದೇ ಆಗಿತ್ತು. ತೀರಿಸಿದವನು ಬೇರೊಬ್ಬನೆಂಬುದಷ್ಟೇ ಹೊಸತು.

ಗಂಟೆ ಮತ್ತು ಮಗ್ಗ: ಬಾಸೆಲ್ ಮಿಷನ್ನಿನ ದ್ವಂದ್ವ

ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಗೊಂಡಿತು. ಅದರ ಮಿಷನರಿಗಳಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಪಯಟಿಸ್ಟ್ ಭಕ್ತಿಪಂಥದ ಹಿನ್ನೆಲೆಯವರು. ರೈತರ, ಕುಶಲಕರ್ಮಿಗಳ ಮನೆಗಳಿಂದ ಬಂದವರು. 1834ರಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಕೇಂದ್ರಗಳು ಆರಂಭಗೊಂಡವು. ಹರ್ಮನ್ ಮೋಗ್ಲಿಂಗ್‌ರು 1843ರಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆಂದು ಪ್ರಸಿದ್ಧವಾಗಿದೆ.

ಇವರ ಬೋಧನೆಯ ಕೇಂದ್ರದಲ್ಲಿ ಲೂಥರನ ಕೃಪಾವಾದವಿತ್ತು. ಆದರೆ ಪಯಟಿಸ್ಟ್ ಪಂಥ ಒಳಗಿನ ಪರಿವರ್ತನೆಯ ಗುರುತುಗಳನ್ನು ಹೊರಗಿನ ಬದುಕಿನಲ್ಲಿ ಹುಡುಕುತ್ತಿತ್ತು. ಶ್ರಮಶೀಲತೆ, ಮಿತವ್ಯಯ, ಸಮಯಪಾಲನೆ, ಶುಚಿತ್ವಗಳು ನಿಜವಾದ ನಂಬಿಕೆಯ ಫಲಗಳೆಂದು ಎಣಿಸಲ್ಪಟ್ಟವು. ಫಲವನ್ನು ಎಣಿಸತೊಡಗಿದಾಗ ಅದು ಮತ್ತೆ ಲೆಕ್ಕವಾಗುವುದು ತಪ್ಪುವುದಿಲ್ಲ. ಮ್ಯಾಕ್ಸ್ ವೇಬರ್ 1904–05ರಲ್ಲಿ ಪ್ರಕಟಿಸಿದ ಪ್ರಖ್ಯಾತ ಪ್ರಬಂಧದಲ್ಲಿ ಪ್ರಾಟೆಸ್ಟಂಟ್ ಪಂಥಗಳ ದುಡಿಮೆಯ ನೀತಿಯನ್ನು ವಿಶ್ಲೇಷಿಸುವಾಗ ಪಯಟಿಸಂ ಅನ್ನೂ ಪರಿಶೀಲಿಸಿದ್ದು ಆಕಸ್ಮಿಕವಲ್ಲ.

ಇದರ ಜೊತೆಗೆ ಇನ್ನೊಂದು ನಿಷ್ಠುರ ಕಾರಣವಿತ್ತು. ಮತಾಂತರಗೊಂಡವನು ಜಾತಿಯಿಂದ ಹೊರಬೀಳುತ್ತಿದ್ದ; ಅದರೊಂದಿಗೆ ಗೇಣಿ ಭೂಮಿ, ಕುಲಕಸುಬು, ಪಿತ್ರಾರ್ಜಿತ ಆಸ್ತಿಯ ಪಾಲು ಇವೂ ಹೋಗುತ್ತಿದ್ದವು. ಆಸ್ತಿಯ ಹಕ್ಕನ್ನು ಉಳಿಸಿದ ಕಾಯಿದೆ 1850ರಲ್ಲಿ ಜಾರಿಗೆ ಬಂದರೂ ಊರ ಬಹಿಷ್ಕಾರಕ್ಕೆ ಕಾಯಿದೆಯಲ್ಲಿ ಮದ್ದಿರಲಿಲ್ಲ. ವಿಶ್ರಾಂತಿಯ ವಾಗ್ದಾನವನ್ನು ನಂಬಿ ಬಂದವನು ಮರುದಿನದ ಗಂಜಿಗೆ ದಾರಿ ಕಾಣದಂತಾಗುತ್ತಿದ್ದ. ಹೀಗಾಗಿ ಮಿಷನ್ ಉದ್ಯೋಗಗಳನ್ನು ಸೃಷ್ಟಿಸಬೇಕಾಯಿತು. 1841ರಲ್ಲಿ ಮುದ್ರಣಾಲಯ ಬಂತು. ಗಡಿಯಾರ ತಯಾರಿಕೆಯಂಥ ಕೆಲವು ಪ್ರಯೋಗಗಳು ನೆಲೆ ನಿಲ್ಲಲಿಲ್ಲ. 1851ರಲ್ಲಿ ಜಾನ್ ಹಾಲರ್ ಬಂದು ಮಂಗಳೂರಿನ ನೇಯ್ಗೆ ಉದ್ಯಮವನ್ನು ಬೆಳೆಸಿದರು. ಖಾಕಿ ಬಣ್ಣದ ಬಟ್ಟೆಯ ಹೆಸರಿನೊಂದಿಗೆ ಅವರ ಹೆಸರು ಸೇರಿಕೊಂಡಿದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ದಡದ ಜೇಡಿಮಣ್ಣಿನಿಂದ ಆದ ಮಂಗಳೂರು ಹೆಂಚು ಮುಂದೆ ದೇಶವಿದೇಶಗಳ ಮಾಡುಗಳನ್ನು ಹೊದೆಸಿತು.

ಕಾರ್ಖಾನೆಯೊಂದಿಗೆ ಬಂದದ್ದು ಗಂಟೆ. ಹೊತ್ತು ಮೂಡುವುದನ್ನೂ ಮುಳುಗುವುದನ್ನೂ ನೋಡಿ, ಮಳೆ ಬೇಸಿಗೆಗಳ ಲಯದಲ್ಲಿ ದುಡಿಯುತ್ತಿದ್ದವರು ಈಗ ಗಂಟೆಯ ಸದ್ದಿಗೆ ಸೇರಿ ಗಂಟೆಯ ಸದ್ದಿಗೆ ಚದುರಬೇಕಾಯಿತು. ಮಿಷನರಿಗಳ ದೃಷ್ಟಿಯಲ್ಲಿ ಈ ಶಿಸ್ತೂ ಒಂದು ಬೋಧನೆಯೇ. ಮೈಗಳ್ಳತನ ಪಾಪ, ದಾನದಿಂದ ಬದುಕುವ ಕ್ರೈಸ್ತ ಸಭೆಗೆ ಮಾನವಿಲ್ಲ ಎಂಬುದು ಅವರ ವಾದ. ಆ ವಾದದಲ್ಲಿ ಸತ್ಯಾಂಶವಿತ್ತು. ನೇಕಾರನ ಮಗ ಅಕ್ಷರ ಕಲಿತದ್ದು, ಅಸ್ಪೃಶ್ಯನೆನಿಸಿಕೊಂಡವನು ಕೂಲಿಯನ್ನು ನಗದಾಗಿ ಎಣಿಸಿಕೊಂಡದ್ದು ಈ ವ್ಯವಸ್ಥೆಯಲ್ಲಿಯೇ. ಆದರೆ ಬೋಧಕನೇ ಧಣಿಯೂ ಆದಾಗ ಕೃಪೆ ಯಾವುದು, ಕೂಲಿ ಯಾವುದು ಎಂಬ ಗೆರೆ ಮಸುಕಾಗುತ್ತದೆ. ಸಭೆಯ ಶಿಸ್ತಿಗೆ ತಪ್ಪಿದವನು ಕೆಲಸಕ್ಕೂ ಎರವಾಗುವ ಭಯವಿರುವಲ್ಲಿ ಒಳ್ಳೆಯ ನಡತೆ ಕೃತಜ್ಞತೆಯಿಂದ ಬಂದದ್ದೋ ಅಂಜಿಕೆಯಿಂದ ಬಂದದ್ದೋ ಹೇಳುವುದು ಸುಲಭವಲ್ಲ.

ಈ ದ್ವಂದ್ವದ ನಡುವೆಯೂ ಭಾನುವಾರ ಮಾತ್ರ ಗಟ್ಟಿಯಾಗಿ ನಿಂತಿತು. ಭಾರತದ ಕಾರ್ಖಾನೆ ಕಾರ್ಮಿಕರಿಗೆ ವಾರದ ರಜೆ ಆಗ ಕಾನೂನಿನ ಹಕ್ಕಾಗಿರಲಿಲ್ಲ. ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದ್ದು 1890ರಲ್ಲಿ. ಕಾರ್ಖಾನೆ ಕಾಯಿದೆಯಲ್ಲಿ ಅದು ಸೇರಿದ್ದು 1891ರಲ್ಲಿ. ಅದಕ್ಕೂ ಮುಂಚಿನ ದಶಕಗಳಲ್ಲಿ ಮಿಷನ್ನಿನ ಮಗ್ಗಗಳು ಧರ್ಮದ ಕಟ್ಟಳೆಯಿಂದಾಗಿ ಭಾನುವಾರ ನಿಂತಿರುತ್ತಿದ್ದವು. ಕೊಡಗಿನಲ್ಲಿ ಅಮ್ಮತ್ತಿಯ ಬಳಿ ಮೋಗ್ಲಿಂಗ್‌ರು ನೆಲೆಗೊಳಿಸಿದ ಆನಂದಪುರದ ಹೊಲೆಯ ಸಮುದಾಯದ ಕ್ರೈಸ್ತರು ತಲೆತಲಾಂತರದಿಂದ ಭೂಮಿಯೊಂದಿಗೆ ಬಂಧಿತರಾದ ಆಳುಗಳ ವಂಶದವರು. ಹಳ್ಳಿಯ ಎತ್ತಿಗಿದ್ದ ವಾರದ ಬಿಡುವು ಇಂಥವರಿಗೆ ದೊರೆತದ್ದು ಸಣ್ಣ ಸಂಗತಿಯಲ್ಲ. ವಿಶ್ರಾಂತಿಯ ಬೋಧನೆಯನ್ನು ಪರಲೋಕದ ಸಮಾಧಾನವೆಂದು ಮಾತ್ರ ಓದುವವರು ಈ ಅಂಶವನ್ನು ಗಮನಿಸಬೇಕಾಗುತ್ತದೆ.

ಪಾಲಕ ಮತ್ತು ಸಂಶೋಧಕ: ಉತ್ತಂಗಿ ಚನ್ನಪ್ಪನವರು

ಈ ಪರಂಪರೆಯಲ್ಲಿ ಹುಟ್ಟಿ, ಶರಣ ಸಾಹಿತ್ಯದಲ್ಲಿ ಮಿಂದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದ ಅವರ ಮನೆತನದ ಮೂಲ ಹಡಗಲಿ ತಾಲ್ಲೂಕಿನ ಉತ್ತಂಗಿ, ಹಿರಿಯರು ಲಿಂಗಾಯತರು. ಮಂಗಳೂರಿನ ಬಾಸೆಲ್ ಮಿಷನ್ ದೇವಜ್ಞಾನ ಶಾಲೆಯಲ್ಲಿ ಶಿಕ್ಷಣ ಪಡೆದು ಉತ್ತರ ಕರ್ನಾಟಕದ ಸಭೆಗಳಲ್ಲಿ ಪಾಲಕರಾಗಿ ಸೇವೆ ಸಲ್ಲಿಸಿದರು. ಹಳ್ಳಿಹಳ್ಳಿ ತಿರುಗುವ ಈ ಕೆಲಸದ ನಡುವೆಯೇ ಓಲೆಗರಿ, ಕೋರಿಕಾಗದದ ಪ್ರತಿಗಳಿಂದಲೂ ಜನರ ಬಾಯಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ್ದು ಕನ್ನಡ ಜಾನಪದ ಅಧ್ಯಯನದ ದೃಷ್ಟಿಯಿಂದಲೂ ಮಹತ್ವದ ಘಟನೆ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಕೃತಿಯಲ್ಲಿ ಕ್ರಿಸ್ತನನ್ನು ಭಾರತೀಯ ಮನಸ್ಸಿಗೆ ಹತ್ತಿರ ತರುವ ಪ್ರಯತ್ನ ಮಾಡಿದರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1962ರಲ್ಲಿ ನಿಧನರಾದರು. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರಿನಿಂದ ನಾಡು ಅವರನ್ನು ನೆನೆಯುತ್ತದೆ.

ಪ್ರಸ್ತುತ ವಿಷಯಕ್ಕೆ ಅವರ ಎರಡು ಸಂಪಾದನೆಗಳು ಮುಖ್ಯ. ಮೊದಲನೆಯದು 1950ರಲ್ಲಿ ಬಂದ ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳು. ಎರಡನೆಯದು 1955ರ ‘ಸಿದ್ಧರಾಮ ಸಾಹಿತ್ಯ ಸಂಗ್ರಹ’. ಇಬ್ಬರೂ ದುಡಿಮೆಯ ಮೂಲಕ ದೇವರನ್ನು ಅರಸಿದ ಶರಣರು. ಇಬ್ಬರ ಕಥೆಯಲ್ಲೂ ಆ ದುಡಿಮೆಯ ಮರ್ಮವನ್ನು ಬೇರೊಬ್ಬರು ತೆರೆದು ತೋರಿಸುವ ಪ್ರಸಂಗವಿದೆ. ಈ ಆಯ್ಕೆಯಲ್ಲಿ ಉತ್ತಂಗಿಯವರು ಲೂಥರನ ಬೋಧನೆಯನ್ನೇ ಹುಡುಕುತ್ತಿದ್ದರೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಭಾನುವಾರ ಕೃಪೆಯ ಬಗ್ಗೆ ಬೋಧಿಸುವ ಪಾಲಕರೊಬ್ಬರು ಇವರ ವಚನಗಳೊಂದಿಗೆ ವರ್ಷಗಟ್ಟಲೆ ಬದುಕಿದರು ಎಂಬ ಸಂಗತಿ ಎರಡು ಪರಂಪರೆಗಳನ್ನೂ ಜೊತೆಗಿಟ್ಟು ಓದಲು ದಾರಿ ಮಾಡಿಕೊಡುತ್ತದೆ.

ಸೊನ್ನಲಿಗೆಯ ಕೆರೆ, ಕಲ್ಯಾಣದ ಹೊರೆ

ಸೊನ್ನಲಿಗೆ, ಅಂದರೆ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ, ಸಿದ್ಧರಾಮನ ಕ್ಷೇತ್ರ. ಕೆರೆ ತೋಡಿಸಿ, ಗುಡಿಗಳನ್ನು ಕಟ್ಟಿಸಿ, ಲಿಂಗಗಳನ್ನು ಸ್ಥಾಪಿಸಿ ಶಿವನನ್ನು ಒಲಿಸಿಕೊಳ್ಳಲು ಹೊರಟ ಆತನ ಚರಿತ್ರೆಯನ್ನು ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಹಾಡಿದ್ದಾನೆ. ‘ಶೂನ್ಯಸಂಪಾದನೆ’ಯಲ್ಲಿ ಈ ಕಥೆಗೆ ಬೇರೊಂದು ತಿರುವು ಇದೆ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಸಿದ್ಧರಾಮನನ್ನು ಮಣ್ಣು ಅಗೆಯುವ ಒಡ್ಡನೆಂದು ಹೀಗಳೆದು ಕೂಗುತ್ತಾನೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ, ಸಿದ್ಧರಾಮನೂ ಕೆರಳುತ್ತಾನೆ. ಮುಂದೆ ನಡೆಯುವ ಸಂವಾದದಲ್ಲಿ, ಹೊರಗೆ ಕಟ್ಟುವ ಯಾವುದರಿಂದಲೂ ಶಿವನನ್ನು ಗಳಿಸಲಾಗದು ಎಂಬ ಅರಿವಿಗೆ ಅವನು ಬರುತ್ತಾನೆ. ಅಲ್ಲಮನೊಂದಿಗೆ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅಲ್ಲಮನು ಕೆರೆಯ ಏರಿಯನ್ನು ಒಡೆಯುವಂತೆ ಹೇಳುವುದಿಲ್ಲ. ಕೆರೆ ಉಳಿಯಿತು; ಊರ ಜನ ನೀರು ಕುಡಿದರು. ಒಡೆದದ್ದು ಕೆರೆಯ ಬೆಲೆಗೆ ಕೈಲಾಸವನ್ನು ಕೊಳ್ಳಬಹುದೆಂಬ ಎಣಿಕೆ ಮಾತ್ರ. ಪುಣ್ಯದ ಆಸೆ ಕಳಚಿದ ಮೇಲೆ ಕೆರೆ ಬಾಯಾರಿದವರ ಕೆರೆಯಾಗಿಯೇ ಉಳಿಯುತ್ತದೆ. ಒಳ್ಳೆಯ ಕ್ರಿಯೆಗಳಿಂದ ದೇವರಿಗೆ ಏನೂ ಆಗಬೇಕಾಗಿಲ್ಲ, ಅವು ನೆರೆಯವನಿಗೆ ಬೇಕು ಎಂಬ ಸುಧಾರಣಾ ಪಂಥದ ವಿಚಾರವೂ ಇದಕ್ಕೆ ದೂರದ್ದಲ್ಲ. ಜನಪದದ ಗತಿ ಮಾತ್ರ ವಿಚಿತ್ರ. ಪ್ರತಿ ವರ್ಷ ಮಕರ ಸಂಕ್ರಾಂತಿಯಂದು ಸೊಲ್ಲಾಪುರದ ಜಾತ್ರೆಯಲ್ಲಿ ಭಕ್ತರು ಭಾರವಾದ ನಂದಿಧ್ವಜಗಳನ್ನು ಹೊತ್ತು ಮೆರವಣಿಗೆ ನಡೆಸುತ್ತಾರೆ. ದುಡಿಮೆಯ ಲೆಕ್ಕದಿಂದ ಬಿಡುಗಡೆ ಪಡೆದವನ ಹೆಸರಿನಲ್ಲಿಯೇ ದುಡಿಮೆಯ ಸೇವೆ ಮುಂದುವರಿದಿದೆ. ಮನುಷ್ಯನಿಗೆ ಕೊಡದೆ ಇರಲು ಆಗುವುದಿಲ್ಲ ಎಂಬುದನ್ನೂ ಇದು ಸೂಚಿಸುತ್ತದೆ.

ಮೋಳಿಗೆ ಮಾರಯ್ಯನ ಪ್ರಸಂಗ ಇನ್ನೊಂದು ಬಗೆಯದು. ಐತಿಹ್ಯದ ಪ್ರಕಾರ ಈತ ಕಾಶ್ಮೀರದ ಅರಸು. ರಾಜ್ಯವನ್ನು ಬಿಟ್ಟು ಮಡದಿಯೊಂದಿಗೆ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಜಂಗಮ ದಾಸೋಹ ನಡೆಸಿದವನು. ಇಷ್ಟೆಲ್ಲ ತೊರೆದ ಮೇಲೂ ಲಿಂಗದಲ್ಲಿ ಐಕ್ಯವಾಗಬೇಕೆಂಬ ತವಕ ಅವನನ್ನು ಕಾಡುತ್ತದೆ. ಆಗ ಮಹಾದೇವಿ ಅವನನ್ನು ಎಚ್ಚರಿಸುತ್ತಾಳೆ: ಸೇರಬೇಕಾದ ಠಾವು ಎಲ್ಲೋ ಮುಂದಿದೆ ಎಂದುಕೊಳ್ಳುವುದೇ ಭ್ರಮೆ. ಕಟ್ಟಿಗೆಯ ಹೊರೆಯನ್ನು ಇಳಿಸಿದವನು ಮೋಕ್ಷದ ಬಯಕೆಯ ಹೊರೆಯನ್ನು ಇಳಿಸಿರಲಿಲ್ಲ ಎಂಬುದು ಅವಳ ಮಾತಿನ ಇಂಗಿತ. ಇದೇ ಬಗೆಯಲ್ಲಿ ಆಯ್ದಕ್ಕಿ ಲಕ್ಕಮ್ಮ ತನ್ನ ಗಂಡ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಿರುಗಿಸಲು ಹೇಳುತ್ತಾಳೆ. ಗಂಡ ಕಾಯಕ ಮರೆತಾಗ ನೆನಪಿಸಿದವಳೂ ಅವಳೇ, ಅತಿಯಾದಾಗ ತಡೆದವಳೂ ಅವಳೇ. ದುಡಿಮೆಗೆ ‘ಇಷ್ಟು ಸಾಕು’ ಎಂಬ ಗಡಿಯಿದೆ; ಆ ಗಡಿ ಮೀರಿದ ದುಡಿಮೆ ಭಕ್ತಿಯ ರೂಪದಲ್ಲಿ ಬಂದರೂ ಆಸೆಯೇ. ಎರಡೂ ಪ್ರಸಂಗಗಳಲ್ಲಿ ದಣಿದ ಗಂಡಸಿಗೆ ಸಾಕೆಂಬ ಅರಿವನ್ನು ಕೊಟ್ಟವರು ಹೆಂಗಸರು ಎಂಬುದು ಗಮನಾರ್ಹ.

ಆದಾಗ್ಯೂ ಎರಡು ಪರಂಪರೆಗಳ ಅಂತರವನ್ನು ಮರೆಮಾಚಬಾರದು. ಶರಣರಲ್ಲಿ ಬಿಡುಗಡೆ ಅರಿವಿನಿಂದ ಬರುತ್ತದೆ. ತಾನು ಅರಸುತ್ತಿರುವುದು ತನ್ನಲ್ಲಿಯೇ ಇದೆ ಎಂಬ ಕಾಣ್ಕೆ ಅದು. ಕ್ರೈಸ್ತ ವಿಶ್ರಾಂತಿ ಒಬ್ಬ ವ್ಯಕ್ತಿಯ ಮೇಲಿನ ನಂಬಿಕೆಯಿಂದ, ಚರಿತ್ರೆಯಲ್ಲಿ ಒಮ್ಮೆ ನಡೆದ ಬಲಿಯ ಮೇಲೆ ನಿಂತಿದೆ. ಒಂದು ಕಡೆ ತೀರಿಸಬೇಕಾದ ಸಾಲವೇ ಇರಲಿಲ್ಲವೆಂದು ತಿಳಿಯುವುದು. ಇನ್ನೊಂದು ಕಡೆ ಸಾಲ ತೀರಿಹೋಗಿದೆಯೆಂದು ನಂಬುವುದು. ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ ಉಳಿಯುವ ದುಡಿಮೆ ಮಾತ್ರ ಎರಡರಲ್ಲೂ ಒಂದೇ ಬಗೆಯದು. ಅದು ಭಯವಿಲ್ಲದ ದುಡಿಮೆ.

ಉಪಸಂಹಾರ

ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳು ದೇಶ ಬಿಡಬೇಕಾಯಿತು. ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಬೇರೆ ಆಡಳಿತಕ್ಕೆ ಹೋದವು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಆ ಸಭೆಯ ಸೋದರಿಯರ ಸಂಘದ ಬೆಂಗಳೂರು ಕೇಂದ್ರಕ್ಕೆ ‘ವಿಶ್ರಾಂತಿ ನಿಲಯಂ’ ಎಂಬ ಹೆಸರು ಬಂದದ್ದು ಈ ಪದ ಕ್ರೈಸ್ತ ಬದುಕಿನಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದಕ್ಕೆ ಸಾಕ್ಷಿ.

ಪ್ರಶ್ನೆ ಮಾತ್ರ ಹಳತಾಗಿಲ್ಲ, ಅದರ ನೆಲೆ ಬದಲಾಗಿದೆ. ಮಂಗಳೂರು, ಬೆಟಗೇರಿಗಳ ಮಗ್ಗಗಳ ಸ್ಥಾನವನ್ನು ಈಗ ಮಹಾನಗರದ ಕಾರ್ಖಾನೆಗಳು ಪಡೆದಿವೆ. ಬೆಂಗಳೂರಿನ ಪಶ್ಚಿಮದಲ್ಲಿ ಜ್ಞಾನಭಾರತಿಯಿಂದ ಕೆಂಗೇರಿಯತ್ತ ಸಾಗುವ ಮೈಸೂರು ರಸ್ತೆಯ ಆಸುಪಾಸಿನ ಸಿದ್ಧ ಉಡುಪು ಘಟಕಗಳಲ್ಲಿ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ದಿನದ ಗುರಿಯ ಎಣಿಕೆಗೆ ದುಡಿಯುತ್ತಾರೆ. ಅವರಿಗೆ ವಾರಕ್ಕೊಂದು ರಜೆ ಕಾನೂನಿನ ಹಕ್ಕು. ಆ ದಿನ ಬಟ್ಟೆ ಒಗೆತ, ಮನೆಗೆಲಸಗಳಲ್ಲಿ ಕಳೆದುಹೋಗುವುದು ಅನುಭವ. ಅವರಲ್ಲಿ ಕೆಲವರು ಭಾನುವಾರ ಪ್ರಾರ್ಥನೆಗೆ ಹೋಗುತ್ತಾರೆ, ಕೆಲವರು ಮಂಗಳವಾರ ಶುಕ್ರವಾರಗಳಲ್ಲಿ ಅಮ್ಮನ ಗುಡಿಗೆ ಹರಕೆ ಒಪ್ಪಿಸುತ್ತಾರೆ. ದೇವರ ಮುಂದೆಯೂ ಗುರಿ ಮುಟ್ಟಿಸಬೇಕಾದ ಇನ್ನೊಂದು ಪಾಳಿಯೇ ಕಾದಿದ್ದರೆ ಇವರಿಗೆ ಬಿಡುವೆಂಬುದು ಎಲ್ಲಿಯೂ ಇರುವುದಿಲ್ಲ.

ಕನ್ನಡ ಕ್ರೈಸ್ತ ಪರಂಪರೆಯ ಚರಿತ್ರೆ ಈ ವಿಷಯದಲ್ಲಿ ಎರಡು ಪಾಠಗಳನ್ನು ಹೇಳುತ್ತದೆ. ಕೃಪೆಯ ಬೋಧನೆ ಅನ್ನದ ದಾರಿಯಿಂದ ಬೇರ್ಪಟ್ಟರೆ ಬರಿಯ ಮಾತಾಗುತ್ತದೆ. ಮಿಷನ್ನಿನ ಮಗ್ಗಗಳು ಹುಟ್ಟಿದ್ದು ಈ ಅರಿವಿನಿಂದ. ಅನ್ನದ ದಾರಿಯೇ ಕೃಪೆಯ ಅಳತೆಗೋಲಾದರೆ ಹರಕೆಯ ಲೆಕ್ಕ ಹೊಸ ಹೆಸರಿನಲ್ಲಿ ಮರಳುತ್ತದೆ. ಕಾರ್ಖಾನೆಯ ಗಂಟೆಯಲ್ಲಿ ಈ ಅಪಾಯವೂ ಇತ್ತು. ಇವೆರಡರ ನಡುವಿನ ಹಾದಿಯನ್ನು ಬಲ್ಲವರು ಸೋಮವಾರ ಎತ್ತಿನ ನೊಗ ಇಳಿಸಿದ ಒಕ್ಕಲಿಗರು, ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮ. ಬೆತ್ಲೆಹೇಮಿನ ಮಾತನ್ನು ಹಿಡಿದು ಹೊರಟ ಉತ್ತಂಗಿ ಚನ್ನಪ್ಪನವರು ಸೊನ್ನಲಿಗೆಯ ಕೆರೆಯ ಏರಿಯ ಮೇಲೆ ನಿಂತದ್ದು ಈ ಕಾರಣಕ್ಕೆ ಕನ್ನಡ ಸಂಸ್ಕೃತಿಯ ಚರಿತ್ರೆಯಲ್ಲಿ ಗಣನೀಯವಾದುದು. ಅವರ ಸಂಪಾದನೆಗಳನ್ನು ಸಾಹಿತ್ಯದ ಆಕರಗಳಾಗಿ ಮಾತ್ರವಲ್ಲದೆ, ದುಡಿದು ದಣಿದ ಜನರ ಧಾರ್ಮಿಕ ಬದುಕಿನ ದಾಖಲೆಗಳಾಗಿಯೂ ಓದುವ ಕೆಲಸ ಮುಂದಿನ ಸಂಶೋಧಕರಿಂದ ಆಗಬೇಕಾಗಿದೆ.